ಆಡದವರ ಪಕ್ಕದ ಕುರ್ಚಿ

ಶಿಗ್ಗಾಂವ ಬಸ್ ಸ್ಟ್ಯಾಂಡ್

ಸವಣೂರಿನಲ್ಲಿ ಯಾರಾದರೂ ಪರದೇಶಕ್ಕೆ ಹೊರಟರೆ ಕೇಳುವುದು ಒಂದೇ ಪ್ರಶ್ನೆ: ದುಬೈಗೋ, ಹಜ್‌ಗೋ? ನಾನು "ಎರಡೂ ಅಲ್ಲ, ಇಂಗ್ಲೆಂಡಿಗೆ. ಫುಟ್‌ಬಾಲ್ ಮ್ಯಾನೇಜರುಗಳನ್ನ ನೋಡಿ ಬರಾಕ" ಎಂದಾಗ ಎದುರುಮನೆ ಹನಮವ್ವ ಮೂಗಿನ ಮೇಲೆ ಬೆರಳಿಟ್ಟಳು.

"ಮ್ಯಾನೇಜರನ್ನ ನೋಡಾಕ ಅಷ್ಟು ದೂರ ಯಾಕ ಹೊಂಟೀರಿ ಬಾಯಾರ? ನಮ್ಮ ಬ್ಯಾಂಕಿನ್ಯಾಗ ಒಬ್ಬಾಂವ ಕುಂತಾನಲ್ಲ, ತಲಿ ಎತ್ತಿ ಸೈತ ನೋಡಂಗಿಲ್ಲ!"

ಅವಳಿಗೆ ಬಿಡಿಸಿ ಹೇಳಿದೆ. ಫುಟ್‌ಬಾಲಿನಲ್ಲಿ ಮ್ಯಾನೇಜರ್ ಎಂದರೆ ತಂಡ ಕಟ್ಟುವವನು. ಯಾರು ಆಡಬೇಕು, ಯಾರು ಹೊರಗೆ ಕೂಡಬೇಕು ಎಂದು ತೀರ್ಮಾನ ಮಾಡುವವನು. ಗೆದ್ದರೆ ಹಾರ ಆಟಗಾರರ ಕೊರಳಿಗೆ, ಸೋತರೆ ಬೈಗಳು ಅವನ ತಲೆಗೆ. "ಹಂಗಾರ ನಮ್ಮ ಮನ್ಯಾಗ ನಾನ ಮ್ಯಾನೇಜರ್ ಬಿಡ್ರಿ" ಎಂದು ಅವಳು ಒಲೆ ಮೇಲಿನ ಹಾಲು ನೋಡಲು ಒಳಗೆ ಓಡಿದಳು.

ನಾನು ಜುಬೇದಾ. ಊರಿನವರಿಗೆಲ್ಲ ಬಾಯಾರು, ಅಂದರೆ ಟೀಚರಮ್ಮ. ನಮ್ಮದು ತಲೆತಲಾಂತರದಿಂದ ಖಾರಾ ಕರಿದು ಮಾರುವ ಮನೆತನ. ನಾನೊಬ್ಬಳು ದಾರಿ ತಪ್ಪಿ ಕಾಲೇಜಿನಲ್ಲಿ ದೈಹಿಕ ಶಿಕ್ಷಕಿಯಾದೆ. ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದೆ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕು ಊರಿನ ತಂಡಗಳು ಸೇರಿ ಪ್ರತಿವರ್ಷ ಆಡುವ ಪಂದ್ಯಾವಳಿಯಲ್ಲಿ ನಾವು ಫೈನಲ್ ತನಕ ಜೋರಾಗಿ ಬರುತ್ತೇವೆ. ಅಲ್ಲಿ ಸೋಲುತ್ತೇವೆ. ಕಾರಣ ನಾನೇ. ನಮ್ಮ ಮನೆಯಲ್ಲಿ ಊಟಕ್ಕೆ ದಸ್ತರ್‌ಖಾನ್ ಬಟ್ಟೆ ಹಾಸಿದರೆ ಬಂದವರೆಲ್ಲ ಉಂಡೇ ಏಳಬೇಕು. ಒಬ್ಬರು ಹಸಿದು ಹೋದರೂ ನನ್ನ ಅಮ್ಮ ಆ ರಾತ್ರಿ ಮಲಗುತ್ತಿರಲಿಲ್ಲ. ಆ ಬುದ್ಧಿಯೇ ನನಗೆ ಬಂದಿದೆ. ನಮ್ಮ ಪಂದ್ಯಗಳಲ್ಲಿ ಎಷ್ಟು ಜನರನ್ನು ಬೇಕಾದರೂ ಬದಲಾಯಿಸಬಹುದು. ಹಾಗಾಗಿ ಕೊನೆಯ ಹತ್ತು ನಿಮಿಷ ಹೊರಗೆ ಕುಳಿತ ಹುಡುಗಿಯರನ್ನೆಲ್ಲ ಒಳಗೆ ಕಳಿಸುತ್ತೇನೆ. ಎದುರಿನವರು ಆ ಹತ್ತು ನಿಮಿಷದಲ್ಲಿ ಗೋಲು ಹೊಡೆಯುತ್ತಾರೆ.

ಒಂದು ಕ್ರೀಡಾ ಸಂಸ್ಥೆ ಈ ಸಲ ನಮ್ಮ ಭಾಗದಿಂದ ಇಬ್ಬರು ತರಬೇತುದಾರರನ್ನು ಕಳಿಸಿತು. ಒಬ್ಬಳು ನಾನು. ಇನ್ನೊಬ್ಬರು ಹಿರೇಕೆರೂರಿನ ರುದ್ರಪ್ಪ ಮಾಸ್ತರು. ತಮಾಷೆ ಏನೆಂದರೆ, ಈ ಸಲದ ಫೈನಲ್ ಸವಣೂರಿಗೂ ಹಿರೇಕೆರೂರಿಗೂ. ನಾವು ಮರಳಿದ ಮರುವಾರವೇ ಹಾನಗಲ್ಲಿನಲ್ಲಿ. ಶಿಗ್ಗಾಂವದಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತ ಮಾಸ್ತರು ಮೀಸೆಯಲ್ಲೇ ನಕ್ಕರು. "ಬಾಯಾರ, ನಿಮ್ಮದು ಟೀಮ್ ಅಲ್ರಿ, ಲಗ್ನದ ಪಂಕ್ತಿ. ಎಲ್ಲಾರಿಗೂ ಬಡಸ್ತೀರಿ. ಆ ಕೊನೀ ಹತ್ತು ನಿಮಿಷಕ್ಕ ನಾವು ಕಾಯ್ಕೋತ ಕುಂತಿರ್ತೇವಿ."

ಉರಿದುಹೋಯಿತು. ಆದರೆ ಉತ್ತರ ಕೊಡುವ ಹೊತ್ತಿಗೆ ಕಮಲಾ ಬಂದಳು. ನನ್ನನ್ನು ಕಳಿಸಿಕೊಡಲೆಂದು ಸವಣೂರಿನಿಂದ ಬಂದಿದ್ದಳು. ನಮ್ಮ ತಂಡದ ನಾಯಕಿ, ಗೋಲ್‌ಕೀಪರ್. ಶಾಲೆಯಲ್ಲಿದ್ದಾಗಿನಿಂದ ನನ್ನ ಕೈಯಲ್ಲೇ ಬೆಳೆದವಳು, ಈಗ ಡಿಗ್ರಿಯ ಕೊನೆಯ ವರ್ಷ. ಇದೇ ಅವಳ ಕೊನೆಯ ಫೈನಲ್. ಹೋದ ವರ್ಷ ಮಣಿಕಟ್ಟು ಮುರಿದ ಮೇಲೆ ಅವಳ ಕೈ ಮೊದಲಿನಷ್ಟು ಬೇಗ ಏಳುತ್ತಿಲ್ಲ. ಹುಲಗೂರಿನಿಂದ ದೀಪಾ ಎಂಬ ಹುಡುಗಿ ಹೊಸದಾಗಿ ಬಂದಿದ್ದಾಳೆ. ಚೆಂಡು ಎಲ್ಲಿ ಬರುತ್ತದೆಂದು ಚೆಂಡಿಗಿಂತ ಮೊದಲು ಅವಳಿಗೆ ಗೊತ್ತಿರುತ್ತದೆ. ಮೈದಾನದ ಹೊರಗೆ ಕಡಲೆ ಮಾರುವವನಿಗೂ ಕಾಣುವಷ್ಟು ವ್ಯತ್ಯಾಸ.

"ಬಾಯಾರ, ಫೈನಲ್‌ನ್ಯಾಗ ಗೋಲಿಗೆ ನಾನ ನಿಂದರ್ತೇನಲ್ರಿ?" ಕಮಲಾ ಕೇಳಿದಳು.

"ಹೋಗಿ ಬರ್ತೇನಿ ತಡಿ. ಬಂದಮ್ಯಾಲ ಮಾತಾಡೂಣು."

ಬಸ್ಸು ಬಂತು. ಅಷ್ಟು ಚುರುಕಾಗಿ ನಾನು ಬಸ್ಸು ಹತ್ತಿದ್ದು ಜೀವನದಲ್ಲೇ ಅದೊಂದು ಸಲ. ಕಿಟಕಿ ಹತ್ತಿರ ಕೂರಲೂ ಇಲ್ಲ.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ

ಮಾಸ್ತರರಿಗೆ ಊಟವಾದ ಮೇಲೆ ಎಲೆ ಅಡಿಕೆ ಇಲ್ಲದಿದ್ದರೆ ಊಟವಾದ ಲೆಕ್ಕವೇ ಅಲ್ಲ. ಸವಣೂರಿನ ತೋಟದ ವೀಳ್ಯದೆಲೆಯ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ನಡುವೆ ಇಟ್ಟುಕೊಂಡಿದ್ದರು. ಕಸ್ಟಮ್ಸ್ ಅಧಿಕಾರಿಣಿ ಬಿಚ್ಚಿ ನೋಡಿ, ಇದೇನು ಎಂದು ಕೇಳಿದಳು. ಮಾಸ್ತರು ತಮ್ಮ ಇಂಗ್ಲಿಷಿನಲ್ಲಿ "ಊಟದ ನಂತರದ ಎಲೆ" ಎಂದರು. ಹಸಿರೆಲೆ ಒಳಗೆ ಬಿಡುವಂತಿಲ್ಲ ಎಂದು ಅವಳು ಬಹಳ ಮರ್ಯಾದೆಯಿಂದಲೇ ಕಟ್ಟನ್ನು ತೊಟ್ಟಿಗೆ ಹಾಕಿದಳು. ಮಾಸ್ತರರ ಮುಖ ನೋಡಬಾರದು, ಹೆಣ್ಣು ಒಪ್ಪಿಸಿ ಕಳಿಸಿದ ತಂದೆಯ ಹಾಗಾಗಿತ್ತು. ನನ್ನ ಖಾರಾ ಪಾಕೀಟುಗಳನ್ನು ಆಕೆ ಮೂಸಿ, ಒಮ್ಮೆ ಸೀನಿ, ಬಿಟ್ಟುಕೊಟ್ಟಳು.

"ನಿಮ್ಮ ಖಾರಾ ಪಾಸಾತು, ನನ್ನ ಎಲಿ ಫೇಲಾತು" ಎಂದು ಮಾಸ್ತರು ದಾರಿಯುದ್ದಕ್ಕೂ ಗೊಣಗಿದರು. ನನಗೆ ಒಳಗೊಳಗೇ ಸಮಾಧಾನವಾಯಿತು. ಲಗ್ನದ ಪಂಕ್ತಿ ಅಂತೆ!

ಮೊರೀನ್ ಮನೆ

ನಮ್ಮನ್ನು ಇಳಿಸಿದ್ದು ಮ್ಯಾಂಚೆಸ್ಟರಿನ ಹೊರವಲಯದಲ್ಲಿ, ಮೊರೀನ್ ಎಂಬ ವಿಧವೆಯ ಮನೆಯಲ್ಲಿ. ಕೆಂಪು ಇಟ್ಟಿಗೆಯ ಸಾಲುಮನೆಗಳು; ಎಲ್ಲ ಒಂದೇ ಥರ. ಮಾಸ್ತರು ಮೊದಲ ಸಂಜೆಯೇ ತಿರುಗಾಡಿ ಬಂದು ಇದೇ ಮನೆಯೆಂದು ಪಕ್ಕದ ಮನೆಯ ಬಾಗಿಲು ಬಡಿದು, ಅಲ್ಲಿಯ ಮುದುಕನಿಗೆ ಕೈಮುಗಿದು ಒಳಗೆ ಹೋಗಿ ಚಪ್ಪಲಿ ಬಿಟ್ಟಿದ್ದರು. ಆತ ಏನೂ ಅನ್ನದೆ ಚಹಾ ಕೊಟ್ಟನಂತೆ.

ಮೊರೀನ್ ಮೃದು ಹೆಂಗಸು. ಕುರ್ಚಿಗೆ ಕಾಲು ತಾಗಿದರೆ ಕುರ್ಚಿಗೇ "ಕ್ಷಮಿಸು" ಎನ್ನುವಂಥವಳು. ನಮ್ಮಲ್ಲಿ ಮನೆಗೆ ಬಂದವರನ್ನು "ಊಟ ಆತೇನ್ರಿ" ಎಂದು ಕೇಳುತ್ತೇವೆ. ಇವರು ಹವೆ ಹೇಗಿದೆ ಎಂದು ಮಾತು ಶುರುಮಾಡುತ್ತಾರೆ. ಹವೆ ಹೇಗಿರುತ್ತದೆ? ದಿನಾ ಒಂದೇ, ಬೂದಿ ಬಣ್ಣ. ಅವಳ ಇಂಗ್ಲಿಷ್ ನಮ್ಮ ಪಠ್ಯಪುಸ್ತಕದ ಇಂಗ್ಲಿಷ್ ಅಲ್ಲ. ದಕ್ಷಿಣದ ಲಂಡನ್ನಿನವರು ಈ ಕಡೆಯವರ ಮಾತನ್ನು ಒರಟು ಎಂದು ನಗುತ್ತಾರೆ ಎಂದು ಅವಳೇ ಹೇಳಿದಳು. ನನಗೆ ಬಹಳ ಆಪ್ತವೆನಿಸಿತು. ಬೆಂಗಳೂರಿನವರು ನಮ್ಮನ್ನು ನೋಡಿ ನಕ್ಕಿದ್ದು ಕಡಿಮೆಯೇ? ಅದಕ್ಕೇ ಆ ಊರಿನವರ ಮಾತನ್ನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಅವರು ಆಡಿದ್ದು ನನಗೆ ಕೇಳಿಸಿದ್ದೂ ಹಾಗೆಯೇ.

ದೊಡ್ಡ ಮ್ಯಾನೇಜರುಗಳು ಯಾಕೆ ಗೆಲ್ಲುತ್ತಾರೆ ಎಂದು ಸಿಕ್ಕಸಿಕ್ಕವರನ್ನು ಕೇಳಿದೆ. ಆ ಊರಿನಲ್ಲಿ ಎಲ್ಲರ ಹತ್ತಿರವೂ ಒಂದು ಉತ್ತರ ಸಿದ್ಧವಿತ್ತು. ಬಸ್ ಡ್ರೈವರ್, "ಹೆದರಿಕಿ. ಅವನ ಕಂಡ್ರ ಆಟಗಾರರು ಗಡಗಡ ನಡಗಬೇಕು" ಎಂದ. ಮೊರೀನ್, "ಪ್ರೀತಿರೀ. ಹುಡುಗರ ಅವ್ವಂದಿರ ಹೆಸರು ಸೈತ ಗೊತ್ತಿರಬೇಕು" ಎಂದಳು. ರೊಟ್ಟಿ ಅಂಗಡಿಯವನು, "ರೊಕ್ಕ ಇದ್ರ ನಾನೂ ಗೆಲ್ತೇನಿ" ಎಂದು ನಕ್ಕ.

ತರಬೇತಿ ಶಿಬಿರದಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ಪರದೆ ಮೇಲೆ ಜಗತ್ತಿನ ದೊಡ್ಡ ದೊಡ್ಡ ಮ್ಯಾನೇಜರುಗಳನ್ನು ತೋರಿಸಿದರು. ಒಬ್ಬ ಗೆರೆಯ ಪಕ್ಕ ಹುಚ್ಚು ಹಿಡಿದವನಂತೆ ಕುಣಿಯುತ್ತಾನೆ. ಇನ್ನೊಬ್ಬ ಕೈಕಟ್ಟಿ ಶಿಲೆಯಾಗಿ ನಿಂತಿರುತ್ತಾನೆ. ಒಬ್ಬನದು ಚೆಂಡು ಕೊಡದೆ ಆಡುವ ಆಟ, ಇನ್ನೊಬ್ಬನದು ಚೆಂಡನ್ನು ಎದುರಿನವರಿಗೇ ಬಿಟ್ಟು ಕಾಯುವ ಆಟ. ತಾವು ಆಡುವಾಗ ಹೆಸರು ಮಾಡಿದವರು ಅವರಲ್ಲಿ ಕೆಲವರೇ. ಬಹಳ ಜನ ಸಾಧಾರಣ ಆಟಗಾರರಾಗಿದ್ದವರು. ಮಾಸ್ತರು ಸಂಜೆ ಪೇಟೆಗೆ ಹೋಗಿ, ಆಟಗಾರರನ್ನು ಅಂಟಿಸಿ ಸರಿಸುವ ಅಯಸ್ಕಾಂತದ ಹಲಗೆ ಕೊಂಡು ತಂದರು. ಗುಟ್ಟೆಲ್ಲ ಇದರಲ್ಲೇ ಇದೆ ಎಂದು ಅವರ ನಂಬಿಕೆ. ನನಗೆ ತಲೆ ಕೆಟ್ಟಿತು. ಒಬ್ಬರ ಹಾಗೆ ಒಬ್ಬರಿಲ್ಲ, ಕಲಿಯುವುದೇನು? ರಾತ್ರಿ ದಿಂಬಿಗೆ ತಲೆ ಇಟ್ಟರೆ ಕಮಲಾಳ ಪ್ರಶ್ನೆ ಎದುರಿಗೆ ಬರುತ್ತಿತ್ತು.

ತರಬೇತಿ ಮೈದಾನ

ಒಂದು ದಿನ ಒಂದು ದೊಡ್ಡ ಕ್ಲಬ್ಬಿನ ಮೈದಾನಕ್ಕೆ ಕರೆದೊಯ್ದರು. ಹೆಸರು ಹೇಳಿದರೆ ನಮ್ಮೂರ ಓಣಿಯ ಮಕ್ಕಳೂ ಗುರುತಿಸುತ್ತಾರೆ. ಹೇಳುವುದಿಲ್ಲ. ಅಲ್ಲಿ ನಾನು ಮಾಡಿದ ಘನಂದಾರಿ ಕೆಲಸ ಅಂಥದ್ದು.

ಮ್ಯಾನೇಜರಿಗೆ ಅಲ್ಲಿ ಎಲ್ಲರೂ "ಗ್ಯಾಫರ್" ಎನ್ನುತ್ತಾರೆ. ನಮ್ಮ ಕಡೆ ಯಜಮಾನರು ಅಂದ ಹಾಗೆ. ಅವರ ಸಹಾಯಕ ನಮ್ಮನ್ನು ಕೋಣೆಗೆ ಕರೆದು ಶನಿವಾರದ ತಂಡದ ಹಲಗೆ ತೋರಿಸಿದ. ಹನ್ನೊಂದು ಹೆಸರುಗಳ ಗುಂಪಿನಿಂದ ದೂರ, ಮೂಲೆಯಲ್ಲಿ ಒಂದು ಹೆಸರು ಒಂಟಿಯಾಗಿತ್ತು. ಅದು ತಂಡದ ನಾಯಕನದು. "ಈ ಸಲ ನಾಯಕನ್ನ ಬಿಟ್ಟಾರ" ಎಂದು ಆತ ಮೆಲ್ಲಗೆ ಹೇಳಿದ. ನನಗೆ ಕಮಲಾ ನೆನಪಾದಳು.

ಆಮೇಲೆ ಊಟದ ಕೋಣೆ. ನೋಡುತ್ತೇನೆ, ಗೋಡೆಯ ಫೋಟೋಗಳಲ್ಲಿ ಕಂಡಿದ್ದ ಆ ನಾಯಕ ಒಬ್ಬನೇ ಕೂತು ಏನೋ ಸೊಪ್ಪು ತಿನ್ನುತ್ತಿದ್ದಾನೆ. ಎತ್ತರದ ಆಳು, ಮುಖ ಮಾತ್ರ ಮಗುವಿನದು. ನಮ್ಮಲ್ಲಿ ಯಾರದೋ ಮನೆಯಲ್ಲಿ ಸಾವಾಗಿರಲಿ, ಮಗ ಫೇಲಾಗಿರಲಿ, ಎಮ್ಮೆ ಕಳೆದಿರಲಿ, ಸುದ್ದಿ ತಿಳಿದ ಮೇಲೆ ಒಂದು ಸಮಾಧಾನದ ಮಾತಾಡದೆ ಮುಂದೆ ಹೋದರೆ ಜನ್ಮವಿಡೀ ಆಡಿಕೊಳ್ಳುತ್ತಾರೆ. ನನ್ನ ಕಾಲು ತಾನಾಗಿ ಅತ್ತ ನಡೆಯಿತು. ಮಾಸ್ತರರೂ ಬೆನ್ನಿಗೆ ಬಂದರು. ಚೀಲದಿಂದ ಖಾರಾ ಪಾಕೀಟು ತೆಗೆದು ಅವನ ಮುಂದಿಟ್ಟು, ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ:

"ಬ್ಯಾಸರಾ ಮಾಡ್ಕೋಬ್ಯಾಡಪ್ಪಾ. ಈ ಶನಿವಾರ ಹೋದ್ರ ಮುಂದಿನ ಶನಿವಾರ ಬರತೈತಿ."

ಅವನು ಚಮಚ ಕೆಳಗಿಟ್ಟ. "ಈ ಶನಿವಾರ ಏನಾಗೈತಿ?"

ಯಾ ಅಲ್ಲಾ! ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಮಾಸ್ತರರ ಕಡೆ ತಿರುಗಿದರೆ ಅವರು "ಚಾ ತರ್ತೇನಿ" ಎಂದು ಆಗಲೇ ಬಾಗಿಲು ದಾಟಿದ್ದರು.

ಅಷ್ಟರಲ್ಲಿ ಯಜಮಾನರು ಒಳಗೆ ಬಂದರು. ನಾಯಕ ಎದ್ದು ನೇರ ಅವರ ಹತ್ತಿರ ಹೋದ. ಇಬ್ಬರೂ ಹೊರಗಿನ ಹುಲ್ಲಿಗೆ ನಡೆದರು. ಗಾಜಿನ ಗೋಡೆಯಾಚೆ ಎಲ್ಲ ಕಾಣುತ್ತಿತ್ತು. ನಾಯಕ ಕೈಬೀಸಿ ಬೀಸಿ ಮಾತಾಡಿದ. ಸಿಟ್ಟಿನಿಂದ ಅರ್ಧ ಮೈದಾನ ದಾಟಿ ಹೋದ, ಮತ್ತೆ ಬಂದು ಇನ್ನಷ್ಟು ಬೈದ. ಯಜಮಾನರು ನಿಂತ ಜಾಗ ಬಿಡಲಿಲ್ಲ, ಗಡಿಯಾರ ನೋಡಲಿಲ್ಲ, ಅವನ ಹೆಗಲ ಮೇಲೆ ಕೈಯನ್ನೂ ಇಡಲಿಲ್ಲ. ಕಡೆಗೆ ಇಬ್ಬರೂ ಒಳಬಂದು ತಟ್ಟೆ ಹಿಡಿದು ಒಂದೇ ಮೇಜಿಗೆ, ಪಕ್ಕಪಕ್ಕದ ಕುರ್ಚಿಯಲ್ಲಿ ಕೂತರು. ಸುಮ್ಮನೆ ಉಂಡರು.

ಊಟ ಮುಗಿಸಿ ಯಜಮಾನರು ನನ್ನ ಹತ್ತಿರ ಬಂದಾಗ ನಾನು ಕ್ಷಮೆಯ ಮಾತನ್ನು ಬಾಯಲ್ಲಿ ಜೋಡಿಸುತ್ತಿದ್ದೆ.

"ನನ್ನ ಕೆಲಸದಾಗ ಭಾಳ ಕೆಟ್ಟ ಭಾಗ ನೀವ ಮಾಡಿ ಮುಗಿಸಿದ್ರಿ" ಎಂದರು. ನಗಲಿಲ್ಲ, ಸಿಟ್ಟೂ ಇರಲಿಲ್ಲ. "ತಪ್ಪು ನಂದು. ಮುಂಜಾನೆ ಹೇಳಬೇಕಾಗಿತ್ತು. ಊಟ ಆಗಲಿ ಅಂತ ಮುಂದೂಡಿದೆ."

ಇಷ್ಟಾದ ಮೇಲೆ ಇನ್ನೇನು ಮರ್ಯಾದೆ ಉಳಿದಿದೆ ಎಂದು ಕೇಳಿಯೇಬಿಟ್ಟೆ: "ಹೆಂಗ ಹೇಳ್ತೀರಿ ಸರ್? ಬಿಡಬೇಕಾದವರಿಗೆ?"

"ಬ್ಯಾರೆಯವರ ಬಾಯಿಂದ ಕೇಳೂದಕ್ಕ ಮೊದಲ ನಾನ ಹೇಳ್ತೇನಿ. ಸುತ್ತು ಬಳಸಂಗಿಲ್ಲ. ಹೇಳಿದಮ್ಯಾಲ ಓಡಿ ಹೋಗಂಗಿಲ್ಲ. ಅವರು ಬೈತಾರ, ಅಳ್ತಾರ. ಮುಗಿಯೂತನಕ ನಿಂದರ್ತೇನಿ."

"ಅಷ್ಟರಿ?"

"ಆಟದ ಲೆಕ್ಕಾಚಾರ ಯಾರರ ಕಲೀತಾರ. ಇದಕ್ಕ ಭಾಳ ಮಂದಿ ಒಲ್ಲೆ ಅಂತಾರ."

ಹೋಗುವಾಗ ನಾಯಕ ಬಿಟ್ಟುಹೋದ ಖಾರಾ ಪಾಕೀಟಿನಿಂದ ಒಂದು ಮುಷ್ಟಿ ಎತ್ತಿ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂದರೂ ಉಗುಳಲಿಲ್ಲ.

ನಾನು ಹೊರಗಿನ ಬೆಂಚಿಗೆ ಬಂದೆ. ನಮ್ಮೂರಲ್ಲಿ ಆಗ ಸಂಜೆ. ಸವಣೂರಿನಲ್ಲಿ ಇಂಥ ಸುದ್ದಿ ಎಷ್ಟು ದಿನ ಮುಚ್ಚಿರುತ್ತದೆ? ಕಡಲೆಯವನೇ ಹೇಳಿಬಿಟ್ಟಾನು. ಕಮಲಾಳಿಗೆ ಫೋನ್ ಹಚ್ಚಿದೆ. ಪರದೆಯ ಮೇಲೆ ಅವಳು, ಹಿಂದೆ ರೊಟ್ಟಿ ಬಡಿಯುವ ಅವಳ ಅವ್ವ.

"ಕಮಲಾ, ಫೈನಲ್‌ನ್ಯಾಗ ಗೋಲಿಗೆ ದೀಪಾ ನಿಂದರ್ತಾಳ. ನೀ ಹೊರಗ ಕುಂದರಬೇಕು."

ರೊಟ್ಟಿಯ ಸದ್ದು ನಿಂತಿತು. ಕಮಲಾ ಫೋನನ್ನು ಮುಖದ ಹತ್ತಿರ ತಂದಳು.

"ನನ್ನ ಕೊನೀ ಮ್ಯಾಚ್ ಐತ್ರಿ ಅದು."

"ಗೊತ್ತೈತಿ."

"ಗೊತ್ತಿದ್ದೂ ಫೋನ್‌ನ್ಯಾಗ ಹೇಳ್ತೀರಿ. ಎದುರಿಗೆ ಬಂದು ಹೇಳಾಕ ಆಗಲಿಲ್ಲ ನಿಮಗ. ಇಡ್ರಿ."

ಪರದೆ ಕಪ್ಪಾಯಿತು. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಹೇಳುವುದನ್ನು ಹೇಳಿದ್ದೆ, ನಿಲ್ಲುವುದು ಹೇಗೆ? ನಡುವೆ ಸಮುದ್ರವೇ ಇತ್ತು. ಆ ಬೆಂಚಿನ ಮೇಲೆ ಕೂತು ಅತ್ತೆ. ಮಾಸ್ತರು ಎಲ್ಲಿಂದಲೋ ಚಹಾ ಹಿಡಿದು ಬಂದು ತಣ್ಣಗಾದ ಲೋಟವನ್ನು ಪಕ್ಕದಲ್ಲಿಟ್ಟರು.

ಶನಿವಾರ

ಮೊರೀನ್ ನಮ್ಮನ್ನು ಅದೇ ಕ್ಲಬ್ಬಿನ ಪಂದ್ಯಕ್ಕೆ ಕರೆದೊಯ್ದಳು. ಕುರ್ಚಿಗೆ ಕ್ಷಮೆ ಕೇಳುವ ಈ ಸಾಧ್ವಿ, ಕೊರಳಿಗೆ ಶಾಲು ಸುತ್ತಿಕೊಂಡು ಕೂತ ಮರುಗಳಿಗೆ ರೆಫರಿಯ ಮೂರು ತಲೆಮಾರನ್ನು ಬೈಯತೊಡಗಿದಳು. ಅರ್ಧವಿರಾಮದಲ್ಲಿ ಮತ್ತೆ ಮೃದುವಾಗಿ ಬಿಸ್ಕೀಟು ಹಂಚಿದಳು. ನಮ್ಮಲ್ಲಿ ಕುಸ್ತಿಗೆ ಸೇರಿದ ಜನ ಕೂಗುತ್ತಾರೆ. ಇಲ್ಲಿ ಸಾವಿರಾರು ಜನ ತಾಳ ತಪ್ಪದೆ ಹಾಡಿ ಬೈಯುತ್ತಾರೆ. ಇಷ್ಟು ಶಿಸ್ತಿನ ಬೈಗಳನ್ನು ನಾನು ಕೇಳಿರಲಿಲ್ಲ.

ನನ್ನ ಕಣ್ಣು ಮಾತ್ರ ಹೊರಗೆ ಕೂತ ನಾಯಕನ ಮೇಲಿತ್ತು. ಜಾಕೀಟಿನಲ್ಲಿ ಗದ್ದ ಹುದುಗಿಸಿ ಕೂತಿದ್ದ. ಅವರ ತಂಡ ಸೋತಿತು. ಜನ ಯಜಮಾನರ ಕಡೆ ಕೈ ತೋರಿಸಿ, ನಿನಗೇನೂ ತಿಳಿಯದು ಎಂಬರ್ಥದ ಹಾಡು ಹಾಡಿದರು. ಅವರು ತಲೆ ಬಗ್ಗಿಸಲೂ ಇಲ್ಲ, ತಿರುಗಿ ಮಾತಾಡಲೂ ಇಲ್ಲ. ಎದುರಿನ ಮ್ಯಾನೇಜರ ಕೈಕುಲುಕಿ ಒಳಗೆ ನಡೆದರು.

"ನಾಯಕನ್ನ ಆಡಿಸಿದ್ರ ಗೆಲ್ತಿದ್ರೇನೋ" ಎಂದರು ಮಾಸ್ತರು.

"ಸುಮ್ನಿರ್ರಿ ಮಾಸ್ತರ" ಎಂದೆ. ಆ ಮಾತು ನನಗೇ ತಾಗಿತ್ತು.

ಹಾನಗಲ್

ಊರಿಗೆ ಬಂದ ಮಧ್ಯಾಹ್ನವೇ ಕಮಲಾಳ ಮನೆಗೆ ಹೋದೆ. ಒಳಗಿನಿಂದ ಅವಳ ಅವ್ವ ಬಂದು, "ಮಲಗ್ಯಾಳ್ರಿ" ಎಂದಳು. ಕಟ್ಟೆಯ ಮೇಲೆ ಕೂತೆ. ಸಂಜೆಯಾದರೂ ಏಳಲಿಲ್ಲ. ಓಣಿಯವರೆಲ್ಲ ಇಂಗ್ಲೆಂಡಿನ ಸುದ್ದಿ ಕೇಳಿ ಹೋದರು. ದೀಪ ಹಚ್ಚುವ ಹೊತ್ತಿಗೆ ಕಮಲಾ ಹೊಸ್ತಿಲಿಗೆ ಬಂದಳು.

"ಎಷ್ಟೊತ್ತು ಕುಂದರ್ತೀರಿ?"

"ನೀ ಬೈಯೂತನಕ."

ಬೈದಳು. ಅಳುತ್ತ ಬೈದಳು. ಕೈ ಮುರಿದುಕೊಂಡದ್ದು ನಿಮ್ಮ ತಂಡಕ್ಕಾಗಿಯೇ ಅಲ್ಲವೇ ಎಂದಳು. ನಿನ್ನೆ ಬಂದವಳು ಹೆಚ್ಚಾದಳೇ ಎಂದಳು. ನಾನು ಅಲ್ಲಿಂದ ಏಳಲಿಲ್ಲ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಮನೆಗೆ ಬಂದೆ. ಫೈನಲ್‌ಗೆ ಬರುತ್ತಾಳೋ ಇಲ್ಲವೋ ಗೊತ್ತಾಗಲಿಲ್ಲ.

ಬಂದಳು. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು. ಹಾನಗಲ್ ಬರುವ ತನಕ ತಿರುಗಿ ನೋಡಲಿಲ್ಲ.

ಪಂದ್ಯ ಶುರುವಾಯಿತು. ನಾನು ಗೆರೆಯ ಪಕ್ಕ ನಿಲ್ಲದೆ ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ. ಅವಳು ಕುರ್ಚಿ ಒಂದು ಮೊಳ ಅತ್ತ ಸರಿಸಿಕೊಂಡಳು. ನಾನು ಅಲ್ಲೇ ಇದ್ದೆ. ಅರ್ಧವಿರಾಮಕ್ಕೆ ಮೊದಲು ನಮ್ಮವರು ಒಂದು ಗೋಲು ಹೊಡೆದರು. ದೀಪಾ ಮಾತ್ರ ಹೆದರಿದ್ದಳು. ಒಂದು ಸುಲಭದ ಚೆಂಡು ಅವಳ ಕೈಜಾರಿ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಕಮಲಾ ಹಾಗೆ ಬಿಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೆ ಆಮೇಲೆ ಬಂದ ಒಂದು ಹೊಡೆತವನ್ನು ದೀಪಾ ಹಾರಿ ಬೆರಳ ತುದಿಯಿಂದ ಮೇಲಕ್ಕೆ ತಳ್ಳಿದಳು. ಅದು ಕಮಲಾಳ ಕೈಗೆ ಸಿಗುತ್ತಿತ್ತೇ? ನನಗೆ ತಿಳಿಯದು.

ಕೊನೆಯ ಹತ್ತು ನಿಮಿಷ. ಆಚೆ ಬದಿಯಲ್ಲಿ ರುದ್ರಪ್ಪ ಮಾಸ್ತರು ಅಯಸ್ಕಾಂತದ ಹಲಗೆ ಕೆಳಗಿಟ್ಟು ನನ್ನನ್ನೇ ನೋಡತೊಡಗಿದರು. ಹೊರಗೆ ಕೂತ ಹುಡುಗಿಯರು ರೂಢಿಯಂತೆ ಬೂಟಿನ ದಾರ ಬಿಗಿಯುತ್ತ ಎದ್ದರು.

"ಕುಂದರ್ರವಾ. ಇವತ್ತು ಯಾರೂ ಹೋಗಂಗಿಲ್ಲ" ಎಂದೆ.

ಒಬ್ಬೊಬ್ಬರ ಮುಖವನ್ನೂ ನೋಡಿ ಹೇಳಿದೆ. ನನ್ನ ಅಮ್ಮನ ದಸ್ತರ್‌ಖಾನಿನಿಂದ ಅಷ್ಟು ಜನರನ್ನು ಹಸಿದ ಹೊಟ್ಟೆಯಲ್ಲಿ ಎಬ್ಬಿಸಿದ ಹಾಗಾಯಿತು. ಕಮಲಾ ಮೊದಲ ಸಲ ನನ್ನ ಕಡೆ ತಿರುಗಿದಳು.

ರೆಫರಿ ಸೀಟಿ ಊದಿದರು. ಗೆದ್ದೆವು. ಹುಡುಗಿಯರು ದೀಪಾಳನ್ನು ಎತ್ತಿಕೊಂಡು ಕುಣಿದರು. ಮಾಸ್ತರು ದೂರದಿಂದಲೇ ಎರಡೂ ಕೈ ಎತ್ತಿ ಮುಗಿದರು. ಇಷ್ಟು ವರ್ಷ ಈ ಗಳಿಗೆಗೆ ಕಾದಿದ್ದೆ, ಎದ್ದು ಓಡಬೇಕಿತ್ತು. ಕಮಲಾ ಅಲ್ಲೇ ಕೂತಿದ್ದಳು.

"ನಾ ಇದ್ದಿದ್ರೂ ಗೆಲ್ತಿದ್ವಿ ಬಾಯಾರ" ಎಂದಳು.

ಅಲ್ಲ ಎನ್ನಲು ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ. ಮುಂದೆಯೂ ಸಿಗುವುದಿಲ್ಲ. ಗೆದ್ದ ಮೇಲೆ ಎಲ್ಲ ಹಗುರಾಗುತ್ತದೆ ಎಂದುಕೊಂಡಿದ್ದೆ, ಹಾಗಾಗಲಿಲ್ಲ.

"ಗೆಲ್ತಿದ್ವೇನೋ" ಎಂದೆ.

ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು. ಮೈದಾನದ ನಡುವಿನಿಂದ ಹುಡುಗಿಯರು ಗೆದ್ದ ಕಪ್ ಎತ್ತಿ ಹಿಡಿದು "ಬಾಯಾರ ಬರ್ರೀ, ಫೋಟೋ" ಎಂದು ಕೂಗುತ್ತಲೇ ಇದ್ದರು. ನಾನು ಕೂತೇ ಇದ್ದೆ. ಫೋಟೋ ನಾನಿಲ್ಲದೆಯೇ ತೆಗೆದರು.